ದೊಡ್ಡ ಟ್ರಾನ್ಸ್‌ಫಾರ್ಮರನ್ನು ರೈಲಿನಲ್ಲಿ, ಹಡಗಿನಲ್ಲಿ ಸಾಗಿಸುವುದು ಹೇಗೆ?

400 ಕೆವಿ ಸಬ್‌ಸ್ಟೇಷನ್ನಿಗೆ ಬರುವ 315 ಎಂವಿಎ ಟ್ರಾನ್ಸ್‌ಫಾರ್ಮರ್ ಎಣ್ಣೆ ತೆಗೆದ ಮೇಲೂ ಸುಮಾರು 150ರಿಂದ 200 ಟನ್ ತೂಗುತ್ತದೆ. ಅಷ್ಟು ಭಾರದ ಉಕ್ಕಿನ ಪೆಟ್ಟಿಗೆಗೆ ಏನಾಗುತ್ತೆ ಅಂತ ಅನ್ನಿಸುವುದು ಸಹಜ. ಹೊರಗಿನ ಟ್ಯಾಂಕ್ ಗಟ್ಟಿ, ನಿಜ. ಆದರೆ ಒಳಗಿರುವುದು ಕಾಗದ ಸುತ್ತಿದ ತಾಮ್ರದ ಸುರುಳಿ, ಪ್ರೆಸ್‌ಬೋರ್ಡ್ ತುಂಡುಗಳು, ತೆಳು ಉಕ್ಕಿನ ಹಾಳೆ ಜೋಡಿಸಿದ ಕೋರ್. ಜೋರಾಗಿ ಒಂದು ಪೆಟ್ಟು ಬಿದ್ದರೆ ಟ್ಯಾಂಕಿನ ಬಣ್ಣಕ್ಕೆ ಗೀರು ಕೂಡ ಬೀಳದೆ ಒಳಗಿನ ಕೋರ್ ಸರಿದಿರಬಹುದು. ಅದು ಗೊತ್ತಾಗುವುದು ಚಾರ್ಜ್ ಮಾಡಿದ, ಅಂದರೆ ಮೊದಲ ಸಲ ವಿದ್ಯುತ್ ಹರಿಸಿದ ದಿನ. ಅಥವಾ ಎಷ್ಟೋ ವರ್ಷದ ಮೇಲೆ, ಲೈನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ.

ಈ ಬರಹ ಸಬ್‌ಸ್ಟೇಷನ್, ವಿದ್ಯುತ್ ಸ್ಥಾವರ ಅಥವಾ ಕಾರ್ಖಾನೆಗೆ ಇಂಥ ಯಂತ್ರ ತರಿಸಿಕೊಳ್ಳುವ ಎಂಜಿನಿಯರುಗಳಿಗೆ, ಸಾಗಣೆ ನೋಡಿಕೊಳ್ಳುವವರಿಗೆ. ಜನರೇಟರ್ ಸ್ಟೇಟರ್, ರಿಯಾಕ್ಟರ್ ಸಾಗಿಸುವಾಗಲೂ ಇದರಲ್ಲಿ ಹೆಚ್ಚಿನದು ಅನ್ವಯಿಸುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಓಡುವ ರೈಲು, ತೇಲುವ ಹಡಗಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಸರಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಜಾಗಗಳಲ್ಲಿ. ಜಾಕ್ ಮೇಲೆ ಎತ್ತುವಾಗ, ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಬಿಡಿಸಿ ಜೋಡಿಸುವ ಶಂಟಿಂಗ್ ಮಾಡುವಾಗ, ಬಂದರಿನಲ್ಲಿ ಕ್ರೇನ್ ಇಳಿಸುವಾಗ. ಪೆಟ್ಟು ಬೀಳುವುದೂ ಅಲ್ಲೇ, ಯಾರ ಹೊಣೆ ಅನ್ನುವ ಜಗಳ ಹುಟ್ಟುವುದೂ ಅಲ್ಲೇ.

1. ಆರ್ಡರ್ ಕೊಡುವ ಮೊದಲೇ ದಾರಿ ನೋಡಿ

ಯಂತ್ರ ತಯಾರಾದ ಮೇಲೆ ದಾರಿ ಹುಡುಕುವವರು ಈಗಲೂ ಇದ್ದಾರೆ. ಆಗ ತಡವಾಗಿರುತ್ತದೆ. ಸಾಗಣೆಯ ಗರಿಷ್ಠ ಅಗಲ, ಎತ್ತರ, ತೂಕವನ್ನು ಟೆಂಡರ್ ದಾಖಲೆಯಲ್ಲೇ ಬರೆಯಬೇಕು. ಮೂರು ಫೇಸಿನ ಒಂದೇ ಯಂತ್ರ ದಾರಿಯಲ್ಲಿ ಹಿಡಿಸದಿದ್ದರೆ, ಒಂದೊಂದು ಫೇಸಿಗೆ ಒಂದರಂತೆ ಮೂರು ಯಂತ್ರ ಮಾಡಿಸಬಹುದು. ನಮ್ಮ ದೇಶದ 765 ಕೆವಿ ಟ್ರಾನ್ಸ್‌ಫಾರ್ಮರುಗಳು ಹೀಗೆ ಬಿಡಿಬಿಡಿಯಾಗಿ ಬರಲು ಸಾಗಣೆಯೂ ಒಂದು ಕಾರಣ.

ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಹಳಿ 1676 ಮಿಲಿಮೀಟರ್. ಪ್ರಪಂಚದ ಹಲವು ದೇಶಗಳ ಹಳಿಗಿಂತ ಇದು ಅಗಲ. ಹಾಗಂತ ಮೇಲೆ ಬೇಕಾದಷ್ಟು ಜಾಗ ಇದೆ ಅಂದುಕೊಳ್ಳಬೇಡಿ. ಮಾಮೂಲಿ ಸರಕಿಗೆ ಅಗಲದ ಮಿತಿ 3250 ಮಿಲಿಮೀಟರ್. ಹಳಿಯಿಂದ ಮೇಲಕ್ಕೆ ಎತ್ತರದ ಮಿತಿ ನಡುಭಾಗದಲ್ಲಿ 4265, ಅಂಚಿನಲ್ಲಿ 3735 ಮಿಲಿಮೀಟರ್. ಇದರಲ್ಲಿ ವ್ಯಾಗನ್ನಿನ ತಳದ ಎತ್ತರವೂ ಸೇರಿದೆ ಅನ್ನುವುದನ್ನು ಮರೆಯುವವರು ಜಾಸ್ತಿ. ಈ ಅಳತೆ ಮೀರಿದರೆ ಅದು ‘ಓಡಿಸಿ’ (ODC), ಅಂದರೆ ಅಳತೆ ಮೀರಿದ ಸರಕು. ಅದಕ್ಕೆ ಬೇರೆಯೇ ಅನುಮತಿ ಬೇಕು.

ತೂಕದ ಲೆಕ್ಕ ಅಚ್ಚಿನ (ಚಕ್ರದ ಆಕ್ಸಲ್) ಮೇಲೆ ನಡೆಯುತ್ತದೆ. 180 ಟನ್ ಯಂತ್ರ, 100 ಟನ್ ವ್ಯಾಗನ್ ಅಂತಿಟ್ಟುಕೊಳ್ಳಿ. ಒಟ್ಟು 280 ಟನ್. ಒಂದು ಅಚ್ಚಿಗೆ 22.9 ಟನ್ ಹೊರುವ ಹಳಿಯಾದರೆ ಕಡಿಮೆ ಅಂದರೂ 13 ಅಚ್ಚು ಬೇಕು. ಹಳೆಯ ಸೇತುವೆ ಇದ್ದರೆ ಇನ್ನೂ ಜಾಸ್ತಿ. ಅಷ್ಟು ಅಚ್ಚುಗಳ ವ್ಯಾಗನ್ ಎಲ್ಲೆಂದರಲ್ಲಿ ಸಿಗುವುದಿಲ್ಲ. ಅದಕ್ಕೇ ಈಗ ನಮ್ಮಲ್ಲಿ ತುಂಬಾ ಟ್ರಾನ್ಸ್‌ಫಾರ್ಮರುಗಳು ಹೈಡ್ರಾಲಿಕ್ ಟ್ರೇಲರ್ ಹತ್ತಿ ರಸ್ತೆಯಲ್ಲೇ ಹೋಗುತ್ತವೆ. ರೈಲು ಬೇಕೋ ಬೇಡವೋ ಅನ್ನುವುದನ್ನು ಈ ಲೆಕ್ಕ ಹಾಕಿಯೇ ತೀರ್ಮಾನಿಸಿ.

ನಕ್ಷೆಯಲ್ಲಿ ಹತ್ತಿರ ಕಂಡ ಬಂದರನ್ನು ಆರಿಸಿಕೊಳ್ಳುವುದು ಇನ್ನೊಂದು ಎಡವಟ್ಟು. ಹಾಸನದ ಕಡೆಗೆ ಹೋಗುವ ಯಂತ್ರಕ್ಕೆ ನವಮಂಗಳೂರು ಬಂದರು ಪಕ್ಕದಲ್ಲೇ ಇದೆ ಅನ್ನಿಸುತ್ತದೆ. ನಡುವೆ ಘಟ್ಟ ಇದೆಯಲ್ಲ! ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್ ರೈಲು ಮಾರ್ಗದಲ್ಲಿ 57 ಸುರಂಗ, ಏರು 50ಕ್ಕೆ 1. ಅಗಲದ ಸರಕಿಗೆ ಅದು ದಾರಿಯೇ ಅಲ್ಲ ಅಂತಿಟ್ಟುಕೊಂಡು ಯೋಜನೆ ಶುರುಮಾಡುವುದು ಒಳ್ಳೆಯದು. ಶಿರಾಡಿ ರಸ್ತೆಯ ತಿರುವು, ಮಳೆಗಾಲದ ಕುಸಿತ ಲೆಕ್ಕ ಹಾಕಿದರೆ, ಬೆಂಗಳೂರು ಸುತ್ತಮುತ್ತಲಿನ ಕೆಲಸಕ್ಕೆ ಚೆನ್ನೈ ಕಡೆಯ ಬಂದರನ್ನೂ ತೂಗಿ ನೋಡಲೇಬೇಕು. ಕಿಲೋಮೀಟರ್ ಜಾಸ್ತಿ ಇದ್ದರೂ ಘಟ್ಟದ ಕಾಟ ಅಷ್ಟಿಲ್ಲ.

ದಾರಿ ಇಲ್ಲದ ಕಡೆ ಎಷ್ಟು ದೂರ ಸುತ್ತಬೇಕಾಗುತ್ತದೆ ಅನ್ನುವುದಕ್ಕೆ ತ್ರಿಪುರದ ಪಾಲಾಟಾನಾ ಸ್ಥಾವರ ಒಳ್ಳೆಯ ಉದಾಹರಣೆ. 726 ಮೆಗಾವ್ಯಾಟಿನ ಆ ಅನಿಲ ಸ್ಥಾವರದ ಭಾರೀ ಯಂತ್ರಗಳನ್ನು ಈಶಾನ್ಯದ ಗುಡ್ಡದ ರಸ್ತೆಯಲ್ಲಿ ಒಯ್ಯುವುದು ಕಷ್ಟವಿತ್ತು. ಹಾಗಾಗಿ 2011ರ ಸುಮಾರಿಗೆ ಬಾಂಗ್ಲಾದೇಶದ ನದಿಗಳ ಮೂಲಕ ಆಶುಗಂಜ್ ಬಂದರಿಗೆ ತಂದು, ಅಲ್ಲಿಂದ ಟ್ರೇಲರಿನಲ್ಲಿ ಗಡಿ ದಾಟಿಸಿದರು. ಟ್ರೇಲರ್ ಹೋಗಲಿ ಅಂತ ತಿತಾಸ್ ನದಿಗೆ ಅಡ್ಡಲಾಗಿ ಮಣ್ಣಿನ ದಾರಿ ಹಾಕಿದ್ದು ಅಲ್ಲಿ ದೊಡ್ಡ ವಿವಾದವಾಯಿತು. ನಿಮ್ಮ ದಾರಿಯಲ್ಲಿ ಹಳ್ಳ, ಕಾಲುವೆ, ಊರಿನ ರಸ್ತೆ ಮುಟ್ಟುವುದಿದ್ದರೆ ಅಲ್ಲಿನ ಜನರ ಹತ್ತಿರ ಮೊದಲೇ ಮಾತಾಡಿ. ಆಮೇಲೆ ಆದದ್ದನ್ನು ಸರಿಮಾಡುವುದಕ್ಕಿಂತ ಅದು ಅಗ್ಗ.

2. ಬಿಚ್ಚಿ, ಒಣ ಗಾಳಿ ತುಂಬಿ, ಸೀಲ್ ಮಾಡಿ

ಬುಷಿಂಗ್ (ತಂತಿ ಹೊರಬರುವ ಇನ್ಸುಲೇಟರ್), ರೇಡಿಯೇಟರ್, ಕನ್ಸರ್ವೇಟರ್ (ಮೇಲಿನ ಎಣ್ಣೆ ತೊಟ್ಟಿ) ಎಲ್ಲ ಬಿಚ್ಚಿ ಬೇರೆ ಪೆಟ್ಟಿಗೆಗಳಲ್ಲಿ ಹಾಕಬೇಕು. ತೆರೆದ ಕಡೆಗಳಿಗೆ ಗ್ಯಾಸ್ಕೆಟ್ ಹಾಕಿ ಉಕ್ಕಿನ ಮುಚ್ಚಳ ಬಿಗಿಯಬೇಕು. ಬುಷಿಂಗ್ ಪೆಟ್ಟಿಗೆಯನ್ನು ಹೇಗೆ ಮಲಗಿಸಬೇಕು, ಯಾವ ತುದಿ ಮೇಲಿರಬೇಕು ಅಂತ ತಯಾರಕರು ಬರೆದಿರುತ್ತಾರೆ. ಅದನ್ನು ಪೆಟ್ಟಿಗೆಯ ನಾಲ್ಕೂ ಕಡೆ ದೊಡ್ಡದಾಗಿ ಬರೆಸಿ. ಸುಮ್ನೆ ಒಂದು ಮೂಲೆಯಲ್ಲಿ ಬರೆದರೆ ಯಾರೂ ನೋಡುವುದಿಲ್ಲ.

ದೊಡ್ಡ ಟ್ಯಾಂಕಿನಿಂದ ಎಣ್ಣೆ ತೆಗೆದು ಒಣ ಗಾಳಿ ಅಥವಾ ಒಣ ನೈಟ್ರೋಜನ್ ತುಂಬುತ್ತಾರೆ. ಒತ್ತಡ ಸಾಮಾನ್ಯವಾಗಿ ಹೊರಗಿನ ಗಾಳಿಗಿಂತ ಚದರ ಸೆಂಟಿಮೀಟರಿಗೆ 0.2–0.3 ಕೆಜಿ ಜಾಸ್ತಿ. ಒಳಗಿನ ಕಾಗದಕ್ಕೆ ತೇವ ತಾಕದಿರಲಿ ಅಂತ ಇಷ್ಟೆಲ್ಲ. ಸಣ್ಣ ಸಂದು ಇದ್ದರೂ ಒಳಗಿನ ಗಾಳಿ ಹೊರಗೆ ಹೋಗುತ್ತದೆಯೇ ಹೊರತು ಹೊರಗಿನ ಒದ್ದೆ ಗಾಳಿ ಒಳಗೆ ಬರುವುದಿಲ್ಲ. ತುಂಬಿದ ಗಾಳಿಯ ಡ್ಯೂ ಪಾಯಿಂಟ್, ಅಂದರೆ ಅದರ ತೇವ ಹನಿಗಟ್ಟುವ ಉಷ್ಣತೆ, ಅಳೆದು ಬರೆದಿಡಿ. ಊರಿಗೆ ಬಂದ ಮೇಲೆ ಹೋಲಿಸುವುದಕ್ಕೆ ಇದು ಬೇಕೇ ಬೇಕು. ಜೊತೆಗೆ ಒಂದು ಸಿಲಿಂಡರ್, ರೆಗ್ಯುಲೇಟರ್, ಮೀಟರ್ ಕಟ್ಟಿ ಕಳಿಸಿ. ಸಣ್ಣ ಸೋರಿಕೆ ಇದ್ದರೆ ತಾನೇ ತುಂಬಿಕೊಳ್ಳುತ್ತದೆ.

ಜೊತೆಗೆ ಹೋಗುವವರು ದಿನಾ ಒತ್ತಡ ಬರೆಯಬೇಕು, ಪಕ್ಕದಲ್ಲೇ ಉಷ್ಣತೆಯನ್ನೂ ಬರೆಯಬೇಕು. ಉಷ್ಣತೆ ಇಲ್ಲದ ಒತ್ತಡದ ಅಂಕಿ ಪ್ರಯೋಜನಕ್ಕಿಲ್ಲ. ಮಧ್ಯಾಹ್ನ 40 ಡಿಗ್ರಿಯಲ್ಲಿ 0.25 ಇದ್ದದ್ದು ಬೆಳಗಿನ ಜಾವ ಒಳಗಿನ ಗಾಳಿ 20 ಡಿಗ್ರಿಗೆ ತಣಿದರೆ 0.17ಕ್ಕೆ ಇಳಿಯುತ್ತದೆ. ಅದು ಸೋರಿಕೆ ಅಲ್ಲ. ಮತ್ತೆ ಬಿಸಿಲೇರಿ 40 ಡಿಗ್ರಿ ಆದಾಗಲೂ 0.17 ಇದ್ದರೆ ಮಾತ್ರ ಸೋಪಿನ ನೀರು ಹಿಡಿದು ಗ್ಯಾಸ್ಕೆಟ್ ಹುಡುಕಿ.

ಕಾರ್ಖಾನೆ ಬಿಡುವ ಮೊದಲು ಇನ್ನೊಂದು ಕೆಲಸ. ಸ್ವೀಪ್ ಫ್ರೀಕ್ವೆನ್ಸಿ ಪರೀಕ್ಷೆ, ನಮ್ಮವರು ಎಸ್‌ಎಫ್‌ಆರ್‌ಎ ಅನ್ನುತ್ತಾರಲ್ಲ, ಅದನ್ನು ಎಣ್ಣೆ ಇಲ್ಲದೆ, ಸಾಗಣೆಗೆ ಸಿದ್ಧವಾದ ಸ್ಥಿತಿಯಲ್ಲೇ ಒಮ್ಮೆ ಮಾಡಿಸಿ. ಎಣ್ಣೆ, ಬುಷಿಂಗ್ ಇರುವಾಗ ತೆಗೆದ ಗೆರೆಯನ್ನು ಎಣ್ಣೆ ಇಲ್ಲದಾಗಿನ ಗೆರೆಗೆ ಹೋಲಿಸಲು ಬರುವುದಿಲ್ಲ. ಈ ಒಂದು ಗೆರೆ ಕೈಯಲ್ಲಿದ್ದರೆ ಬಂದರಿನಲ್ಲೇ ನಿಂತು ವೈಂಡಿಂಗ್ ಸರಿದಿದೆಯೋ ಇಲ್ಲವೋ ನೋಡಬಹುದು. ಕೋರ್ ಮತ್ತು ಟ್ಯಾಂಕ್ ನಡುವಿನ ಇನ್ಸುಲೇಷನ್ ಅಳತೆಯೂ ಹಾಗೇ.

3. ಇಂಪ್ಯಾಕ್ಟ್ ರೆಕಾರ್ಡರ್ ಎರಡು ಇರಲಿ

ಟ್ಯಾಂಕಿಗೆ ಬೋಲ್ಟ್ ಮಾಡುವ ಈ ಸಣ್ಣ ಪೆಟ್ಟಿಗೆ ಮೂರು ದಿಕ್ಕಿನ ಪೆಟ್ಟನ್ನೂ ಗಂಟೆ ನಿಮಿಷದ ಸಮೇತ ಬರೆದಿಟ್ಟುಕೊಳ್ಳುತ್ತದೆ. ಒಂದು ಸಾಲದು. ಎದುರುಬದುರು ಮೂಲೆಗಳಲ್ಲಿ ಎರಡು ಹಾಕಿಸಿ. ಎರಡರಲ್ಲೂ ಒಂದೇ ಕ್ಷಣಕ್ಕೆ ಪೆಟ್ಟು ದಾಖಲಾಗಿದ್ದರೆ ಇಡೀ ಯಂತ್ರಕ್ಕೇ ಪೆಟ್ಟು ಬಿದ್ದಿದೆ ಅಂತ ಅರ್ಥ. ಒಂದರಲ್ಲಿ ಮಾತ್ರ ಇದ್ದರೆ ಪಕ್ಕದಲ್ಲಿ ಯಾರೋ ಸುತ್ತಿಗೆಯಿಂದ ಬಡಿದಿರಬಹುದು.

ಬ್ಯಾಟರಿ ಪ್ರಯಾಣದ ಅವಧಿಗಿಂತ ತುಂಬಾ ಹೆಚ್ಚು ಬಾಳಬೇಕು. ಬಂದರಿನಲ್ಲಿ ಯಂತ್ರ ವಾರಗಟ್ಟಲೆ ಕಾಯುವುದು ಮಾಮೂಲು. ಗಡಿಯಾರ ಭಾರತದ ಸಮಯದಲ್ಲಿದೆಯೋ ಗ್ರೀನಿಚ್ ಸಮಯದಲ್ಲಿದೆಯೋ ಬರೆದಿಡಿ. ಐದೂವರೆ ಗಂಟೆಯ ಈ ವ್ಯತ್ಯಾಸದಿಂದ ರೈಲಿನವರ ತಪ್ಪು ಕ್ರೇನಿನವರ ತಲೆಗೆ ಕಟ್ಟುವ ಹಾಗಾಗುತ್ತದೆ.

ಸಾಮಾನ್ಯವಾಗಿ ಪೆಟ್ಟು 3 ಜಿ (ಗುರುತ್ವದ ಮೂರು ಪಟ್ಟು) ಮೀರಿದರೆ ತಯಾರಕರಿಗೆ ತಿಳಿಸಬೇಕು ಅಂತಿರುತ್ತದೆ. ಆದರೆ ನಿಮ್ಮ ಯಂತ್ರದ ಮಿತಿ ಅದರ ಕೈಪಿಡಿಯಲ್ಲಿರುವುದೇ. ಅಂಕಿ ಒಂದನ್ನೇ ನೋಡಿ ಗಾಬರಿಯಾಗುವುದೂ ಬೇಡ. ಕೆಲವೇ ಮಿಲಿಸೆಕೆಂಡಿನ ಚೂಪು ಪೆಟ್ಟಿಗಿಂತ ಕಡಿಮೆ ಅಂಕಿಯ, ಆದರೆ ಜಾಸ್ತಿ ಹೊತ್ತಿನ ತಳ್ಳಾಟ ಕೋರನ್ನು ಸರಿಸುವ ಸಾಧ್ಯತೆ ಹೆಚ್ಚು. 2016ರಲ್ಲಿ ವಿದ್ಯುತ್ ವ್ಯವಸ್ಥೆಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಸಿಗ್ರೆ ಟ್ರಾನ್ಸ್‌ಫಾರ್ಮರ್ ಸಾಗಣೆಗೆಂದೇ 673ನೇ ಸಂಖ್ಯೆಯ ಕೈಪಿಡಿ ತಂದಿದೆ. ಇಂಥ ಕೆಲಸ ಮೇಲಿಂದ ಮೇಲೆ ಮಾಡುವವರು ಅದನ್ನೊಮ್ಮೆ ಓದಬೇಕು.

4. ರೈಲಿನಲ್ಲಿ

ಓಡಿಸಿ ಅರ್ಜಿಯ ಜೊತೆ ನಕ್ಷೆ ಕೊಡಬೇಕು. ಯಾವ ಎತ್ತರದಲ್ಲಿ ಎಷ್ಟು ಅಗಲ, ತೂಕದ ಕೇಂದ್ರ ಎಲ್ಲಿ, ಯಾವ ವ್ಯಾಗನ್, ಎಲ್ಲ ಅದರಲ್ಲಿರಬೇಕು. ರೈಲ್ವೆಯವರು ದಾರಿಯ ಪ್ರತಿಯೊಂದು ಸುರಂಗ, ಸೇತುವೆ, ಪ್ಲಾಟ್‌ಫಾರ್ಮ್ ಅಂಚಿನ ಜೊತೆ ಇದನ್ನು ತಾಳೆ ನೋಡುತ್ತಾರೆ. ವ್ಯಾಗನ್ ಅಲುಗಾಟ, ತಿರುವಿನಲ್ಲಿ ವಾಲುವುದು ಎಲ್ಲ ಕಳೆದ ಮೇಲೆ ಉಳಿಯುವ ಸಂದು 150 ಮಿಲಿಮೀಟರಿಗಿಂತ ಜಾಸ್ತಿ ಇದ್ದರೆ ಎ ವರ್ಗ, 75ರಿಂದ 150 ಇದ್ದರೆ ಬಿ, ಅದಕ್ಕಿಂತ ಕಡಿಮೆ ಇದ್ದರೆ ಸಿ. ಸಿ ವರ್ಗಕ್ಕೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕು. ಅಂಥ ಸರಕು ಹಗಲಲ್ಲಿ, ನಿಧಾನಕ್ಕೆ, ರೈಲ್ವೆ ಸಿಬ್ಬಂದಿ ಜೊತೆಗೇ ಸಾಗುತ್ತದೆ. ಕಾಗದದ ಕೆಲಸಕ್ಕೆ ತಿಂಗಳುಗಳೇ ಹಿಡಿಯಬಹುದು, ಮೊದಲೇ ಶುರು ಮಾಡಿ.

ಉದ್ದದ ವ್ಯಾಗನ್ ತಿರುವಿನಲ್ಲಿ ಹೋಗುವಾಗ ಅದರ ನಡುಭಾಗ ತಿರುವಿನ ಒಳಕ್ಕೆ ಚಾಚುತ್ತದೆ, ತುದಿಗಳು ಹೊರಕ್ಕೆ. ನೇರ ಹಳಿಯಲ್ಲಿ ಸಲೀಸಾಗಿ ಹೋಗುವ ಸರಕು ತಿರುವಿನ ಸಿಗ್ನಲ್ ಕಂಬಕ್ಕೆ ತಾಗಬಹುದು. ನಿಮ್ಮ ಸೈಡಿಂಗಿನ ಒಳಗಿನ ತಿರುವನ್ನು ರೈಲ್ವೆ ಅಳೆದಿರುತ್ತದೆ ಅಂತ ನಂಬಿ ಕೂರಬೇಡಿ. ಅದನ್ನು ನೀವೇ ಅಳೆಯಬೇಕು.

ತುಂಬಾ ಭಾರದ ಯಂತ್ರಕ್ಕೆ ಶ್ನಾಬೆಲ್ ವ್ಯಾಗನ್ ಬಳಸುತ್ತಾರೆ. ವ್ಯಾಗನ್ ಎರಡು ಹೋಳಾಗಿರುತ್ತದೆ. ಟ್ರಾನ್ಸ್‌ಫಾರ್ಮರನ್ನು ನಡುವೆ ಕಚ್ಚಿಸಿದರೆ ಅದೇ ವ್ಯಾಗನ್ನಿನ ಮೈಯಾಗಿಬಿಡುತ್ತದೆ. ಅಮೆರಿಕದ ಸಿಇಬಿಎಕ್ಸ್ 800 ಅನ್ನುವ ವ್ಯಾಗನ್ನಿಗೆ 36 ಅಚ್ಚುಗಳಿದ್ದವು! ಇಂಥದ್ದು ಬಳಸುವುದಾದರೆ ಎಳೆತದ ಬಲವೆಲ್ಲ ಟ್ಯಾಂಕಿನ ಮೂಲಕವೇ ಹೋಗುತ್ತದೆ. ಅದಕ್ಕೆ ತಕ್ಕ ಟ್ಯಾಂಕನ್ನು ವಿನ್ಯಾಸದ ಹಂತದಲ್ಲೇ ಮಾಡಿಸಬೇಕು.

ಹೇರುವಾಗ ಯಂತ್ರದ ತೂಕದ ಕೇಂದ್ರ ವ್ಯಾಗನ್ನಿನ ನಡುಗೆರೆಯ ಮೇಲೆ ಬರಬೇಕು. ಟ್ಯಾಂಕಿನ ನಡುಭಾಗವೇ ತೂಕದ ಕೇಂದ್ರ ಆಗಿರಬೇಕಿಲ್ಲ. ತಯಾರಕರು ಬಣ್ಣದಲ್ಲಿ ಗುರುತು ಹಾಕಿರುತ್ತಾರೆ, ಅದನ್ನೇ ನಂಬಿ. ಹೇರಿದ ಮೇಲೆ ಎರಡೂ ಬದಿಯ ಸ್ಪ್ರಿಂಗ್ ಒಂದೇ ಸಮ ಕುಸಿದಿವೆಯಾ ನೋಡಿ. ಅಡಿಗೆ ಒಣ ಮರ ಅಥವಾ ರಬ್ಬರ್ ಹಾಸಿ. ಕಬ್ಬಿಣದ ಮೇಲೆ ಕಬ್ಬಿಣ ಕೂತರೆ ಜಾರುತ್ತದೆ. ಸರಪಳಿ, ರಾಡು ಕಟ್ಟುವುದು ಲ್ಯಾಶಿಂಗ್‌ಗೆಂದೇ ಗುರುತು ಮಾಡಿದ ಕೊಂಡಿಗಳಿಗೆ ಮಾತ್ರ. ವಾಲ್ವಿಗೆ, ರೇಡಿಯೇಟರ್ ಫ್ಲೇಂಜಿಗೆ ಕಟ್ಟಲೇಬಾರದು. ತಡೆಗೆ ಉಕ್ಕಿನ ತುಂಡು ವೆಲ್ಡ್ ಮಾಡುವುದಿದ್ದರೆ ವ್ಯಾಗನ್ನಿಗೆ ಮಾಡಿ, ಅದೂ ಅನುಮತಿ ಪಡೆದು. ಟ್ಯಾಂಕಿಗೆ ಬೇಡ.

ಇನ್ನು ಶಂಟಿಂಗ್. ಇಡೀ ರೈಲು ಪ್ರಯಾಣದಲ್ಲಿ ನನಗೆ ಭಯ ಇರುವುದು ಇದೊಂದರ ಬಗ್ಗೆ. ಎಂಜಿನ್ನಿನಿಂದ ಬಿಡಿಸಿ ತಳ್ಳಿಬಿಟ್ಟ ವ್ಯಾಗನ್ ಹೋಗಿ ಇನ್ನೊಂದಕ್ಕೆ ಢಿಕ್ಕಿ ಹೊಡೆಯುತ್ತದೆ. ಕಲ್ಲಿದ್ದಲಿಗೆ ಅದರಿಂದ ಏನೂ ಆಗುವುದಿಲ್ಲ, ಟ್ರಾನ್ಸ್‌ಫಾರ್ಮರಿಗೆ ಆಗುತ್ತದೆ. ‘ಲೂಸ್ ಶಂಟಿಂಗ್ ಮಾಡಬಾರದು, ಹಂಪ್ ಮೇಲೆ ಬಿಡಬಾರದು’ ಅನ್ನುವ ಫಲಕ ಎರಡೂ ಬದಿಗೆ ಇರಲಿ. ಹಂಪ್ ಅಂದರೆ ವ್ಯಾಗನ್ನುಗಳನ್ನು ಜಾರಿಬಿಡುವ ಯಾರ್ಡಿನ ದಿಬ್ಬ. ಬರೀ ಫಲಕ ಸಾಲದು. ಜೊತೆಗೆ ಹೋಗುವವರು ಪ್ರತಿ ಯಾರ್ಡಿನಲ್ಲೂ ಇಳಿದು ಸ್ಟೇಷನ್ ಮಾಸ್ಟರ್ ಅಥವಾ ಯಾರ್ಡ್ ಸಿಬ್ಬಂದಿಗೆ ಬಾಯಿಮಾತಿನಲ್ಲೂ ಹೇಳಬೇಕು. ಜೋಡಿಸುವ ಕೊನೆಯ ಕೆಲವು ಮೀಟರ್ ನಡಿಗೆಯ ವೇಗದಲ್ಲಿರಬೇಕು. ಸಾಧ್ಯವಾದರೆ ಪ್ರತ್ಯೇಕ ರೈಲನ್ನೇ ಕೇಳಿ, ಆಗ ಶಂಟಿಂಗೇ ಕಡಿಮೆಯಾಗುತ್ತದೆ.

ಮೊದಲ ನಿಲುಗಡೆಯಲ್ಲೇ ಸರಪಳಿ ಬಿಗಿಯುವ ಟರ್ನ್‌ಬಕಲ್ಲುಗಳನ್ನು ಮತ್ತೆ ಬಿಗಿಯಿರಿ. ಶುರುವಿನ ಅಲುಗಾಟಕ್ಕೆ ಮರ ಅಮುಕಿಕೊಂಡು ಸರಪಳಿ ಸಡಿಲವಾಗುತ್ತದೆ. ಆದರೆ ಒತ್ತಡ ನೋಡುವ ನೆಪದಲ್ಲೂ ಸರಕಿನ ಮೇಲೆ ಹತ್ತಬಾರದು. ಮೇಲೆ 25 ಕೆವಿ ತಂತಿ ಇದೆ. ಅದಕ್ಕೆ 2 ಮೀಟರಿಗಿಂತ ಹತ್ತಿರ ಹೋಗುವ ಹಾಗಿಲ್ಲ, ಮುಟ್ಟದಿದ್ದರೂ ಜೀವ ಹೋಗಬಹುದು. ಮೀಟರನ್ನು ಕೆಳಗೆ ನಿಂತು ಓದುವ ಎತ್ತರದಲ್ಲಿ ಹಾಕಿಸಿ, ಈ ತಲೆನೋವೇ ಇರುವುದಿಲ್ಲ.

5. ಹಡಗಿನಲ್ಲಿ

ನಮ್ಮ ನಾಡಿನ ವಿದ್ಯುತ್ತಿನ ಕಥೆ ಶುರುವಾದದ್ದೇ ಹಡಗಿನಲ್ಲಿ ಬಂದ ಯಂತ್ರಗಳಿಂದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದಾಗ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಕೊನೆಯ ದಾರಿಯಲ್ಲಿ ಅವನ್ನು ಎಳೆಯಲು ಆನೆಗಳನ್ನೂ ಬಳಸಿದ್ದರು.

ಮೊದಲ ಪ್ರಶ್ನೆ ಕಾಲದ್ದು. ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕೆಟ್ಟ ಹವೆಯ ಕಾಲ. ಗುಜರಾತಿನ ಕಾರ್ಖಾನೆಯಿಂದ ಬಾರ್ಜಿನಲ್ಲಿ ಮಂಗಳೂರಿಗೆ ತರುವ ಯೋಚನೆ ಇದ್ದರೆ ಮೇ ಮೊದಲ ವಾರದೊಳಗೆ ಇಳಿಯುವ ಹಾಗೆ ಲೆಕ್ಕ ಹಾಕಿ. ಕಾರ್ಖಾನೆಯ ತಯಾರಿ ಎರಡು ವಾರ ತಡವಾದರೆ ಸಾಗಣೆ ನಾಲ್ಕು ತಿಂಗಳು ತಡವಾಗುತ್ತದೆ.

ಎರಡನೆಯದು ಜಾಗ. ಡೆಕ್ ಮೇಲಿಗಿಂತ ಹಡಗಿನ ಹೊಟ್ಟೆಯೊಳಗೆ, ಉದ್ದದ ನಡುಭಾಗದಲ್ಲಿ, ತಳದಲ್ಲಿ ಇಡಿಸಿ. ಅಲುಗಾಟ ಕಡಿಮೆ, ಉಪ್ಪುನೀರೂ ಕಡಿಮೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಬೇರೆ ಸರಕೇ ಇಲ್ಲದ ಹಡಗಿನ ತಳದಲ್ಲಿ ಒಂದೇ ಭಾರೀ ಯಂತ್ರ ಕೂತರೆ ಹಡಗು ವಾಲಿದ ತಕ್ಷಣ ಜರ್ರನೆ ವಾಪಸ್ ಬರುತ್ತದೆ, ಬಗ್ಗಿಸಿದರೆ ಎದ್ದು ನಿಲ್ಲುವ ತಳಭಾರದ ಗೊಂಬೆಯ ಹಾಗೆ. ಆ ವೇಗದ ಓಲಾಟ ಸರಪಳಿಗಳ ಮೇಲೆ ಜೋರಾಗಿ ಜಗ್ಗುತ್ತದೆ. ಬ್ಯಾಲಾಸ್ಟ್ (ಸಮತೋಲನಕ್ಕೆ ತುಂಬುವ ನೀರು) ಹೇಗೆ ಇಡುತ್ತೀರಿ ಅಂತ ಹಡಗಿನವರನ್ನು ಕೇಳಿ. ಮುಜುಗರ ಬೇಡ, ಕೇಳಬೇಕಾದ ಪ್ರಶ್ನೆಯೇ ಅದು.

ತಳದ ಬಲವನ್ನೂ ಲೆಕ್ಕ ಹಾಕಿ. 180 ಟನ್ ಯಂತ್ರದ ತಳ 8 ಮೀಟರ್ ಉದ್ದ, 3 ಮೀಟರ್ ಅಗಲ ಇದ್ದರೆ ಚದರ ಮೀಟರಿಗೆ ಏಳೂವರೆ ಟನ್. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಯಂತ್ರ ನಿಜಕ್ಕೂ ಕೂರುವುದು ಅಡಿಯ ಎರಡು ಪಟ್ಟಿಗಳ ಮೇಲೆ. ಪಟ್ಟಿ 40 ಸೆಂಟಿಮೀಟರ್ ಅಗಲವಿದ್ದರೆ ಅದೇ ಲೆಕ್ಕ ಸುಮಾರು 28 ಟನ್ ಆಗುತ್ತದೆ. ಅದಕ್ಕೇ ಅಡಿಗೆ ಉಕ್ಕಿನ ತೊಲೆ ಹಾಸಿ ಭಾರವನ್ನು ಹಡಗಿನ ಗಟ್ಟಿ ಚೌಕಟ್ಟಿಗೆ ಹಂಚುವುದು.

ಕಟ್ಟುವುದಕ್ಕೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಸಿಎಸ್‌ಎಸ್ ಕೋಡ್ ಇದೆ. ಅದರ 13ನೇ ಅನುಬಂಧದಲ್ಲಿ ಪೂರ್ತಿ ಲೆಕ್ಕ ಹಾಕುವ ಕ್ರಮ ಇದೆ, ಅದನ್ನು ತಜ್ಞರು ಮಾಡಲಿ. ನಿಮ್ಮ ಕೈಗೆ ಬೇಕಾದದ್ದು ಅದೇ ಕೋಡಿನ ಸರಳ ಸೂತ್ರ. ಒಂದೊಂದು ಬದಿಯ ಎಲ್ಲ ಕಟ್ಟುಗಳ ಸುರಕ್ಷಿತ ಬಲ ಸೇರಿಸಿದರೆ ಯಂತ್ರದ ತೂಕಕ್ಕೆ ಸಮ ಇರಬೇಕು. 180 ಟನ್ ಅಂದರೆ ಸುಮಾರು 1800 ಕಿಲೋನ್ಯೂಟನ್. ಒಂದು ಸರಪಳಿಗೆ 100 ಕಿಲೋನ್ಯೂಟನ್ ಸುರಕ್ಷಿತ ಬಲ ಇದ್ದರೆ ಎಡಕ್ಕೆ 18, ಬಲಕ್ಕೆ 18. ಸರಪಳಿಯ ಸುರಕ್ಷಿತ ಬಲ ಅದು ತುಂಡಾಗುವ ಬಲದ ಅರ್ಧ ಮಾತ್ರ. ಹಿಂದೆ ಬಳಸಿದ ಉಕ್ಕಿನ ಹಗ್ಗವಾದರೆ ನೂರಕ್ಕೆ 30 ಮಾತ್ರ. ಡೆಕ್ಕಿಗೆ 60 ಡಿಗ್ರಿಗಿಂತ ಕಡಿದಾಗಿ ಕಟ್ಟಿದ ಸರಪಳಿ ಅಡ್ಡಕ್ಕೆ ಜಾರುವುದನ್ನು ತಡೆಯುವ ಲೆಕ್ಕಕ್ಕೆ ಸೇರುವುದಿಲ್ಲ. ಘರ್ಷಣೆಯ ಅಂಕಿ ಉಕ್ಕಿನ ಮೇಲೆ ಒಣ ಉಕ್ಕಿಗೆ 0.1, ಒದ್ದೆಯಾದರೆ ಸೊನ್ನೆ. ಮರ ಅಥವಾ ರಬ್ಬರ್ ಇದ್ದರೆ 0.3. ಅಡಿಗೆ ಹಾಸುವ ಅಗ್ಗದ ಮರ ಎಷ್ಟು ಕೆಲಸ ಮಾಡುತ್ತದೆ ನೋಡಿ.

ಎತ್ತುವಾಗ ಹಗ್ಗಗಳನ್ನು ಅಗಲಿಸಿ ಹಿಡಿಯುವ ಸ್ಪ್ರೆಡರ್ ಬೀಮ್ ಇರಲಿ, ನಾಲ್ಕೂ ಕೊಂಡಿಗೆ ಹಗ್ಗ ಹಾಕಿ. ಮೊದಲು ಒಂದು ಗೇಣು ಎತ್ತಿ ನಿಲ್ಲಿಸಿ. ಮಟ್ಟವಾಗಿದೆಯಾ ನೋಡಿ, ಆಮೇಲೆ ಮುಂದೆ. ಇಳಿಸುವ ಬಂದರಿನಲ್ಲಿ ಕ್ರೇನಿನ ಹಗ್ಗ ಹಾಕುವ ಮೊದಲೇ ಸರಪಳಿ ಬಿಚ್ಚುವ ಅವಸರ ಮಾಡುತ್ತಾರೆ, ತಡೆಯಿರಿ. ಬಾರ್ಜಿನಿಂದ ಟ್ರೇಲರ್ ಸಮೇತ ಇಳಿಸುವುದಾದರೆ ಭರತ ಇಳಿತದ ವೇಳೆ ಹಿಡಿದು, ಬ್ಯಾಲಾಸ್ಟ್ ಪಂಪಿನಲ್ಲಿ ಮಟ್ಟ ಕಾಯ್ದುಕೊಂಡೇ ಇಳಿಸಬೇಕು. ಪಂಪ್ ಕೆಟ್ಟರೆ ಕೆಲಸ ನಿಲ್ಲುತ್ತದೆ, ಅದಕ್ಕೆ ಇನ್ನೊಂದು ಪಂಪ್ ಸಿದ್ಧವಾಗಿರಲಿ.

6. ಜಾಕ್ ಕೆಲಸ

ಅಡಿಪಾಯದ ಮೇಲೆ ಸರಿಸುವ ಕೊನೆಯ ಹತ್ತಾರು ಮೀಟರಿಗೆ ಎಲ್ಲರಿಗೂ ಆಯಾಸ, ಎಲ್ಲರಿಗೂ ಅವಸರ. ನಾಲ್ಕು ಜಾಕ್ ಒಟ್ಟಿಗೆ ಎತ್ತಬೇಡಿ. ಒಂದು ತುದಿಯ ಎರಡನ್ನು ಸ್ವಲ್ಪ ಎತ್ತಿ, ಅಡಿಗೆ ಮರದ ಸ್ಲೀಪರ್ ತುಂಬಿ, ಆಮೇಲೆ ಇನ್ನೊಂದು ತುದಿ. ಜಾಕ್ ಎಷ್ಟು ಮೇಲೇರುತ್ತದೋ ಅಷ್ಟೂ ಸಂದಿಗೆ ಮರ ಬರುತ್ತಲೇ ಇರಬೇಕು. ಯಂತ್ರದ ಅಡಿಗೆ ಕೈ, ಕಾಲು ಹೋಗಬಾರದು. ಎಳೆಯುವ ಹಗ್ಗದ ನೇರದಲ್ಲಿ ಯಾರೂ ನಿಲ್ಲಬಾರದು.

7. ಬಂದ ಮೇಲೆ

ಇಳಿಸುವ ಮೊದಲೇ, ವ್ಯಾಗನ್ ಅಥವಾ ಟ್ರೇಲರ್ ಮೇಲಿರುವಾಗಲೇ, ಫೋಟೋ ತೆಗೆಯಿರಿ, ಒತ್ತಡ ಮತ್ತು ಉಷ್ಣತೆ ಬರೆಯಿರಿ, ಕೋರ್ ಇನ್ಸುಲೇಷನ್ ಅಳೆಯಿರಿ. ಸಾಗಣೆಯವರು, ವಿಮೆಯವರು, ನೀವು ಮೂವರೂ ಸಹಿ ಹಾಕಿದ ಒಂದು ಹಾಳೆ ಆಗಲಿ. ರೆಕಾರ್ಡರನ್ನು ಮಾತ್ರ ಅಡಿಪಾಯದ ಮೇಲೆ ಕೂರಿಸುವ ತನಕ ಆರಿಸಬೇಡಿ. ನಡುವೆ ಫೈಲ್ ನಕಲು ಮಾಡಿಕೊಳ್ಳಿ.

ಕೂರಿಸಿದ ಮೇಲೆ ಡ್ಯೂ ಪಾಯಿಂಟ್, ಎಸ್‌ಎಫ್‌ಆರ್‌ಎ. ಅನುಮಾನ ಬಂದರೆ ಒಳಗೆ ಇಳಿದು ನೋಡಬೇಕಾಗುತ್ತದೆ. ಇಲ್ಲಿ ದಯವಿಟ್ಟು ನಿಲ್ಲಿ. ಟ್ಯಾಂಕಿನಲ್ಲಿ ನೈಟ್ರೋಜನ್ ಇದ್ದರೆ ಒಳಗೆ ತಲೆ ಹಾಕಿದವರು ಒಂದೆರಡು ಉಸಿರಿಗೇ ಪ್ರಜ್ಞೆ ತಪ್ಪುತ್ತಾರೆ. ವಾಸನೆ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಒಣ ಗಾಳಿ ಹಾಯಿಸಿ, ಆಮ್ಲಜನಕ ಕನಿಷ್ಠ 19.5 ಶೇಕಡಾ ಇದೆ ಅಂತ ಮೀಟರಿನಲ್ಲಿ ನೋಡಿ, ಹೊರಗೆ ಒಬ್ಬರನ್ನು ನಿಲ್ಲಿಸಿಯೇ ಒಳಗೆ ಇಳಿಯಬೇಕು. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಧುಮುಕಬೇಡಿ. ಇಂಥ ಅಪಘಾತಗಳಲ್ಲಿ ಕಾಪಾಡಲು ಹೋದವರೂ ಸಾಯುವುದುಂಟು.

ಜೇಬಿನಲ್ಲಿರುವ ಪೆನ್ನು, ನಾಣ್ಯ, ಮೊಬೈಲ್ ಎಲ್ಲ ಹೊರಗಿಟ್ಟು, ಒಳಗೆ ಒಯ್ಯುವ ಒಂದೊಂದು ಸಲಕರಣೆಯನ್ನೂ ಬರೆದಿಟ್ಟು, ವಾಪಸ್ ಬಂದಾಗ ಎಣಿಸಿ. ಎಣ್ಣೆ ತುಂಬುವುದು ತಡವಾಗುವುದಾದರೆ ಗಾಳಿಯ ಒತ್ತಡದಲ್ಲಿ ಎಷ್ಟು ತಿಂಗಳು ಇಡಬಹುದು ಅಂತ ತಯಾರಕರಿಂದ ಬರಹದಲ್ಲಿ ಪಡೆಯಿರಿ.

ಹಾನಿ ಕಂಡರೆ ಕಾಗದ ಅವತ್ತೇ ಹೋಗಬೇಕು. ಸಮುದ್ರ ಸಾಗಣೆಯ ನಿಯಮದಲ್ಲಿ ಹೊರಗೆ ಕಾಣುವ ಹಾನಿಯನ್ನು ಸರಕು ಪಡೆಯುವಾಗಲೇ ತಿಳಿಸಬೇಕು. ಹೊರಗೆ ಕಾಣದ್ದಕ್ಕೆ 3 ದಿನ. ದಾವೆ ಹೂಡಲು 1 ವರ್ಷ. ಟ್ರಾನ್ಸ್‌ಫಾರ್ಮರಿನ ಹಾನಿ ಬಹುಮಟ್ಟಿಗೆ ಹೊರಗೆ ಕಾಣದ ಬಗೆಯದ್ದೇ. ಹಾಗಾಗಿ ರೆಕಾರ್ಡರಿನ ಫೈಲ್ ತೆರೆಯಲು ಬರುವ ಎಂಜಿನಿಯರ್ ಯಂತ್ರ ಬಂದರಿಗೆ ತಲುಪುವ ಹಿಂದಿನ ದಿನವೇ ಅಲ್ಲಿರುವಂತೆ ಟಿಕೆಟ್ ಮಾಡಿಸಿ.